ದಾರಿಯಿಲ್ಲದ ಊರಿನ ಬಂಡಿ

ರಾತ್ರಿ ಹೊತ್ತಿನಲ್ಲಿ ಮಗುವಿಗೆ ಹೊಟ್ಟೆನೋವು ಬಂದರೆ ತಾಯಿಯಾದವಳ ಮನಸ್ಸು ಮೊದಲು ಓಡುವುದು ದಾರಿಯ ಕಡೆಗೆ. ಆಟೋ ಸಿಕ್ಕೀತೇ, ಡಾಕ್ಟರು ಇದ್ದಾರೋ ಇಲ್ಲವೋ, ಎಷ್ಟು ಹೊತ್ತಿಗೆ ತಲುಪೇವು? ಔಷಧಿಯ ಯೋಚನೆ ಆಮೇಲಿನದು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಸಣ್ಣ ಊರಿನಲ್ಲಿ, 1934ರ ಚಳಿಗಾಲದಲ್ಲಿ, ಒಂದು ಮನೆಯವರಿಗೆ ಆ ದಾರಿಯೇ ಇಲ್ಲದೆ ಹೋಯಿತು. ಹಿಮ ಬಿದ್ದು ರಸ್ತೆಗಳೆಲ್ಲ ಮುಚ್ಚಿದ್ದವು. ಆಸ್ಪತ್ರೆ ಇದ್ದದ್ದು ಸುಮಾರು 50 ಕಿಲೋಮೀಟರ್ ದೂರದ ಶೆರ್‌ಬ್ರೂಕ್‌ನಲ್ಲಿ. ಹೊಟ್ಟೆಯೊಳಗೆ ನಂಜೇರಿದ ಎರಡು ವರ್ಷದ ಗಂಡುಮಗು ಉಳಿಯಲಿಲ್ಲ.

ಆ ಮಗುವಿನ ತಂದೆ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆ, ಗ್ಯಾರೇಜು ನಡೆಸುತ್ತಿದ್ದ ಮೆಕ್ಯಾನಿಕ್. 1922ರಲ್ಲಿ, ಹದಿನೈದರ ಹುಡುಗನಾಗಿದ್ದಾಗಲೇ, ಹಳೆಯ ಫೋರ್ಡ್ ಎಂಜಿನ್ನಿಗೆ ವಿಮಾನದ ಹಾಗೆ ಪಂಖ ಕಟ್ಟಿ ಹಿಮದ ಮೇಲೆ ಬಂಡಿ ಓಡಿಸಿದವನು. ವಿಧಿಯನ್ನು ನೋಡಿ: ಮಗು ಕಾಯಿಲೆ ಬಿದ್ದಾಗ ಅವನ ಪ್ರಯೋಗದ ಹಿಮಬಂಡಿ ಗ್ಯಾರೇಜಿನಲ್ಲಿ ಬಿಡಿಬಿಡಿಯಾಗಿ ಬಿಚ್ಚಿಕೊಂಡು ಬಿದ್ದಿತ್ತು.

ಮಗಳ ಬಾಣಂತನಕ್ಕೆಂದು ಶೆರ್‌ಬ್ರೂಕಿಗೆ ಹೋಗಿದ್ದಾಗ ನನಗೆ ಈ ಕತೆ ತಿಳಿಯಿತು. ಹೇಳಿದವರು ಪಕ್ಕದ ಮನೆಯ ಅಜ್ಜ. ಅವರ ಶೆಡ್ಡಿನಲ್ಲಿ ಅಂಥದೊಂದು ಹಳೆಯ ಬಂಡಿ ಇತ್ತು. ಅವರದು ಫ್ರೆಂಚು, ನನ್ನದು ಕನ್ನಡ. ನಡುವೆ ನಮ್ಮ ಅಳಿಯಂದಿರ ಅನುವಾದ. ಆದರೂ ಹಳೆಯ ಸಾಮಾನನ್ನು ಜೋಪಾನ ಮಾಡುವವರ ಕೈ ಯಾವ ದೇಶದಲ್ಲಾದರೂ ಒಂದೇ ಎಂದು ತೋರಿತು. ನಮ್ಮತ್ತೆ ಹೊಲಿಗೆ ಮೆಷಿನ್ನನ್ನು ಒರೆಸುತ್ತಿದ್ದುದೂ ಹೀಗೆಯೇ.

ಇಂಥ ಬಂಡಿಯ ಗುರುತು ಹಿಡಿಯುವುದು ಹೇಗೆ? ಮುಂದೆ ಗಾಲಿಗಳ ಬದಲು ಎರಡು ಹಿಮಜಾರುಪಟ್ಟಿ, ಅದರಿಂದಲೇ ತಿರುಗಿಸುವುದು. ಹಿಂದೆ ಎರಡು ಬದಿಗೂ ಉದ್ದನೆಯ ಓಡುವ ಪಟ್ಟಿ: ರಬ್ಬರ್ ಬೆಲ್ಟಿಗೆ ಅಡ್ಡಡ್ಡ ಉಕ್ಕಿನ ತುಂಡುಗಳು. ಎಂಜಿನ್ ಬೆನ್ನಿನಲ್ಲಿ. ಮೊದಲು ಮಾರಾಟಕ್ಕೆ ಬಂದದ್ದು ಏಳು ಜನ ಕೂರುವ ಬಿ-7. ಅಜ್ಜನದು ಹನ್ನೆರಡು ಜನರ ಬಿ-12. ಹಡಗಿನ ಕಿಟಕಿಯಂಥ ದುಂಡು ಕಿಟಕಿಗಳು ಅದರ ಗುರುತು. 1951ರ ವೇಳೆಗೆ ಈ ಬಗೆಯವು 2800ಕ್ಕೂ ಹೆಚ್ಚು ತಯಾರಾಗಿದ್ದವು.

ಅದರ ಜೀವ ಇರುವುದು ಮಾತ್ರ ಕಣ್ಣಿಗೆ ಬೀಳದ ಜಾಗದಲ್ಲಿ, ಪಟ್ಟಿಯನ್ನು ಓಡಿಸುವ ಹಲ್ಲುಚಕ್ರದಲ್ಲಿ. ಬರಿಯ ಕಬ್ಬಿಣವಾದರೆ ಹಿಮ ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಪಟ್ಟಿ ಕಳಚುತ್ತದೆ. ಬೊಂಬಾರ್ಡಿಯೆ ಅದಕ್ಕೆ ರಬ್ಬರ್ ಹೊದಿಸಿದ. ಮಗ ಹೋದ ಮರುವರ್ಷ, 1935ರಲ್ಲಿ, ಈ ಉಪಾಯ ಕೈಗೂಡಿತು. 1937ರಲ್ಲಿ ಪೇಟೆಂಟು ಸಿಕ್ಕಿತು. 1942ರಲ್ಲಿ ಕಂಪನಿಯೇ ಆಯಿತು. ಆಮೇಲಿನ ಚಳಿಗಾಲಗಳಲ್ಲಿ ಡಾಕ್ಟರು, ಅಂಚೆ, ಶಾಲೆಯ ಮಕ್ಕಳು, ಎಲ್ಲರೂ ಈ ಬಂಡಿಗಳನ್ನೇರಿ ಹಿಮ ದಾಟಿದರು.

ಇದರ ಆರೈಕೆ ನಮಗೇನೂ ಹೊಸದಲ್ಲ. ಕುಕ್ಕರಿನ ರಬ್ಬರನ್ನು ಬೆರಳಲ್ಲಿ ಬಗ್ಗಿಸಿ ಬಿರುಕು ನೋಡುತ್ತೇವಲ್ಲ, ಹಾಗೆಯೇ ಪಟ್ಟಿಯನ್ನೂ ಬಗ್ಗಿಸಿ ನೋಡಬೇಕು. ಸೊಟ್ಟಗಾದ ಉಕ್ಕಿನ ತುಂಡನ್ನು ಬದಲಿಸಬೇಕು. ಗಾಲಿಗಳಿಗೆ ಗ್ರೀಸ್ ಹಾಕಬೇಕು. ಒಡಲು ಪ್ಲೈವುಡ್ಡಿನದಾದ್ದರಿಂದ ಒದ್ದೆಯಾದರೆ ಕೆಳ ಅಂಚಿನಿಂದ ಕೊಳೆಯುತ್ತದೆ, ಒಣಗಿದ ಜಾಗದಲ್ಲಿಡಬೇಕು. ನಿಲ್ಲಿಸುವಾಗ ಪಟ್ಟಿಯ ಕೆಳಗೆ ಹಲಗೆ ಹಾಸಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಎಂಜಿನ್ ಕ್ರೈಸ್ಲರ್ ಕಂಪನಿಯ ಆರು ಸಿಲಿಂಡರಿನದು. ಆ ಕಾಲದ ಕಾರು, ಲಾರಿಗಳಲ್ಲೂ ಅಂಥದೇ ಇದ್ದುದರಿಂದ ಬಿಡಿಭಾಗ ಹುಡುಕಿದರೆ ಸಿಗುತ್ತದೆ.

“ಬೇಸಿಗೆಯಲ್ಲಿ ಯಾಕೆ ಇಷ್ಟು ಕಷ್ಟಪಡುತ್ತೀರಿ?” ಎಂದು ಕೇಳಿಸಿದೆ. “ಬೇಕಾದ ರಾತ್ರಿ ಅದು ಬಿಚ್ಚಿಕೊಂಡಿರಬಾರದಲ್ಲ,” ಎಂದರು ಅಜ್ಜ. ಮಗಳು ಮಡಿಲ ಕೂಸನ್ನು ಸುಮ್ಮನೆ ಎದೆಗವಚಿಕೊಂಡಳು.

ಆದರೆ ಆ ಊರುಗಳಿಗೆ ಕೊನೆಗೂ ದಾರಿ ತೆರೆದದ್ದು ಈ ಬಂಡಿಯಿಂದಲ್ಲ. 1948ರಲ್ಲಿ ಕ್ವಿಬೆಕ್ ಸರಕಾರ ಚಳಿಗಾಲದಲ್ಲೂ ರಸ್ತೆಗಳ ಹಿಮ ತೆಗೆಸಬೇಕೆಂದು ಕಾನೂನು ಮಾಡಿತು. ಬಂಡಿಗಳ ಮಾರಾಟ ಬಿದ್ದುಹೋಯಿತು. ಬೊಂಬಾರ್ಡಿಯೆ ಬೇರೆ ಯಂತ್ರಗಳ ಕಡೆ ತಿರುಗಿದ. 1959ರಲ್ಲಿ ಬಂದ ಸ್ಕೀ-ಡೂ ಅವನಿಗೆ ಲೋಕದಲ್ಲೆಲ್ಲ ಹೆಸರು ತಂದಿತು. 1964ರಲ್ಲಿ ತೀರಿಕೊಂಡ. ವಾಲ್ಕೂರಿನಲ್ಲಿ ಅವನ ಹೆಸರಿನ ಮ್ಯೂಸಿಯಮ್ಮಿದೆ.

ಅವನ ಕತೆಯಲ್ಲಿ ಎಲ್ಲರೂ ತಂದೆಯ ದುಃಖವನ್ನು ಹೇಳುತ್ತಾರೆ. ತಾಯಿಯ ಹೆಸರು ಇವೋನ್ ಲಾಬ್ರೆಕ್, 1929ರಲ್ಲಿ ಮದುವೆಯಾದವಳು. ಮಗುವಿಗಿಟ್ಟದ್ದೂ ಅವಳದೇ ಹೆಸರಿನ ಗಂಡುರೂಪ: ಇವೊಂ. ಗಂಡ ಗ್ಯಾರೇಜಿನಲ್ಲಿ ಚಕ್ರಕ್ಕೆ ರಬ್ಬರ್ ಹೊದಿಸುತ್ತಿದ್ದಾಗ ಅವಳು ಮನೆಯಲ್ಲಿ ಯಾವ ಕೆಲಸಕ್ಕೆ ಕೈಹಚ್ಚಿ ದುಃಖ ನುಂಗಿದಳೋ! ಕೂಸಿಗೆ ಚುಚ್ಚುಮದ್ದು ಹಾಕಿಸಲು ಶೆರ್‌ಬ್ರೂಕಿನ ರಸ್ತೆಯಲ್ಲಿ ಹೋಗುವಾಗ, ಎರಡೂ ಬದಿಗೆ ಸರಿಸಿದ್ದ ಹಿಮದ ದಿಬ್ಬಗಳನ್ನು ನೋಡುತ್ತ ನಾನು ನೆನೆದದ್ದು ಅವಳನ್ನು.