ನೀರು ಬಂದ ಊರು, ನೀರು ಬಾರದ ಊರು

ಪದವಿ ಮುಗಿಸಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆಂದು ಮನೆಯಲ್ಲಿ ಹೇಳಿ ನೋಡಿ. 'ಅದನ್ನು ಓದಿ ಏನು ಮಾಡುತ್ತೀಯ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಮನೆ ಬಾಣಸವಾಡಿಯಲ್ಲಿದ್ದರೂ ಅಷ್ಟೇ, ಬಳ್ಳಾರಿಯಲ್ಲಿದ್ದರೂ ಅಷ್ಟೇ. ಪ್ರಶ್ನೆ ತಪ್ಪೇನಲ್ಲ. ನೌಕರಿಯ ವಿಚಾರ ಒತ್ತಟ್ಟಿಗಿರಲಿ. ಈ ಓದು ಏನನ್ನು ಕಾಣಿಸುತ್ತದೆ ಎಂಬುದನ್ನು ನಮ್ಮ ನಾಡಿನಲ್ಲೇ ನಡೆದ ಕೆಲಸಗಳಿಂದ ತಿಳಿಯೋಣ.

1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲೇ ಆನರ್ಸ್ ಮುಗಿಸಿ, ಸ್ನಾತಕೋತ್ತರ ಅಧ್ಯಯನಕ್ಕೆಂದು ಬೊಂಬಾಯಿಗೆ ಹೋದರು. ಆಗ ಅಲ್ಲಿ ಸಮಾಜಶಾಸ್ತ್ರದ ಗುರುಗಳು ಜಿ. ಎಸ್. ಘುರ್ಯೆ. ಬೊಂಬಾಯಿಯಂಥ ಮಹಾನಗರಕ್ಕೆ ಹೋದ ಹುಡುಗ ಎಂ.ಎ. ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಯಾವುದು ಗೊತ್ತೆ? ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ! ಚಿಕ್ಕಂದಿನಿಂದ ಕಂಡುಂಡದ್ದೇ ಅಧ್ಯಯನದ ವಸ್ತುವಾಯಿತು. 1942ರಲ್ಲಿ ಪುಸ್ತಕವೂ ಆಯಿತು.

ಮುಂದೆ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದು, 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ಬರವಣಿಗೆಯಲ್ಲಿ ಅದಕ್ಕಿಟ್ಟ ಹೆಸರು ರಾಂಪುರ. ಗ್ರಂಥಗಳಲ್ಲಿ ಹೇಳಿದ ವರ್ಣಕ್ರಮ ಒಂದಾದರೆ, ಊರಿನಲ್ಲಿ ನಡೆಯುತ್ತಿದ್ದುದು ಜಮೀನೂ ಜನಬಲವೂ ಇದ್ದವರ ಮಾತು. 'ಪ್ರಬಲ ಜಾತಿ' ಎಂಬ ಅವರ ಪರಿಕಲ್ಪನೆಗೆ ಈ ಊರಿನ ಅನುಭವವೇ ಆಧಾರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ನೆನಪನ್ನೇ ನೆಚ್ಚಿ ಅವರು ಬರೆದ ಗ್ರಂಥ 1976ರಲ್ಲಿ ಹೊರಬಂತು. ಊರಿನಲ್ಲಿ ಅವರು ಉಳಿದುಕೊಂಡಿದ್ದುದು ಮುಖ್ಯಸ್ಥರ ಎತ್ತಿನ ಮನೆಯಲ್ಲಿ. ಹಾಗಾಗಿ ಕೇರಿಯ ಜನರ ಬದುಕು ಅವರಿಗೆ ಅಷ್ಟಾಗಿ ದಕ್ಕಲಿಲ್ಲ. ಈ ಮಾತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಕಥೆ ಮಂಡ್ಯದ್ದು. ನಾಜಿಗಳ ಹಾವಳಿಯಿಂದ ಪಾರಾಗಿ ಇಂಗ್ಲೆಂಡ್ ಸೇರಿದ್ದ ವಿಯೆನ್ನಾದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧನಾ ವಿದ್ಯಾರ್ಥಿನಿ 1954ರಲ್ಲಿ ಇಲ್ಲಿಗೆ ಬಂದರು. ಎರಡು ವರ್ಷ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಒಂದಕ್ಕೆ ಕೃಷ್ಣರಾಜಸಾಗರದ ನಾಲೆಯ ನೀರು ಬಂದಿತ್ತು. ಇನ್ನೊಂದರ ಜಮೀನು ನಾಲೆಗಿಂತ ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. ಯಾವ ಊರು ಹೆಚ್ಚು ಬದಲಾಗಿರಬೇಕು? ಕಬ್ಬು ಬೆಳೆದು ಕೈತುಂಬ ಹಣ ಕಂಡ ಊರೇ ಅಲ್ಲವೆ ಎನ್ನುತ್ತೀರಿ. ಎಪ್‌ಸ್ಟೈನ್ ಕಂಡದ್ದು ಬೇರೆ. ನೀರು ಬಂದ ಊರಿನವರು ಬೇಸಾಯದಲ್ಲೇ ಉಳಿದರು. ಹಣ ಹೆಚ್ಚಿತು, ಆದರೆ ವಂಶಪಾರಂಪರ್ಯವಾಗಿ ಬಂದ ಒಡೆಯ-ಆಳಿನ ಸಂಬಂಧ ಸಡಿಲಲಿಲ್ಲ. ನೀರು ಬಾರದ ಊರಿನವರು ಕಬ್ಬಿನ ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಮಂಡ್ಯದಲ್ಲಿ ಕೆಲಸ ಹುಡುಕಿದರು. ಹಳೆಯ ಕಟ್ಟು ಕಳಚಿದ್ದು ಅಲ್ಲಿ. ಒಂದೇ ಊರನ್ನು ನೋಡಿದ್ದರೆ ಇದು ತಿಳಿಯುತ್ತಿತ್ತೆ? 1962ರಲ್ಲಿ ಗ್ರಂಥರೂಪದಲ್ಲಿ ಬಂದ ಈ ಅಧ್ಯಯನ ನನ್ನ ಮಟ್ಟಿಗೆ ಶ್ರೀನಿವಾಸರ ಗ್ರಂಥದಷ್ಟೇ ಬೆಲೆಯುಳ್ಳದ್ದು. ನಮ್ಮಲ್ಲಿ ಅದನ್ನು ನೆನೆಯುವವರು ಕಡಿಮೆ.

ಈಗ ಬಾಣಸವಾಡಿಗೆ ಬನ್ನಿ. ಇಲ್ಲಿಗೆ ನಾಲೆಯ ಬದಲು ನಗರವೇ ಬಂತು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶವೂ ಹಳೆಯ ಪೇಟೆಯೂ ಒಂದೇ ನಗರಪಾಲಿಕೆಯಡಿ ಸೇರಿದ್ದು 1949ರಲ್ಲಿ. ಊರು ಹಿಗ್ಗುತ್ತ ಪೂರ್ವದ ಹಳ್ಳಿಗಳನ್ನು ಒಳಗೆ ಹಾಕಿಕೊಂಡಿತು. ಎಚ್.ಆರ್.ಬಿ.ಆರ್. ಬಡಾವಣೆ ಎನ್ನುತ್ತೇವಲ್ಲ, ಅದನ್ನು ಬಿಡಿಸಿದರೆ ಹೆಣ್ಣೂರು ರಸ್ತೆ-ಬಾಣಸವಾಡಿ ರಸ್ತೆ. ಹಳ್ಳಿಗಳ ಹೆಸರು ಇಂಗ್ಲಿಷ್ ಅಕ್ಷರಗಳ ಹಿಂದೆ ಅಡಗಿ ಕುಳಿತಿದೆ! ಕಮ್ಮನಹಳ್ಳಿ, ಕಾಚರಕನಹಳ್ಳಿಗಳು ಹೆಸರಿನಲ್ಲಾದರೂ ಹಳ್ಳಿಗಳಾಗಿ ಉಳಿದಿವೆ.

ಎಂ.ಎ. ಪ್ರಬಂಧಕ್ಕೆ ವಿಷಯವಿಲ್ಲವೆಂದು ಕೊರಗುವವರು ಇಲ್ಲಿ ಒಂದು ಸುತ್ತು ನಡೆಯಬೇಕು. ಹೊಲ ನಿವೇಶನವಾದಾಗ ಹೊಲದೊಡೆಯನಿಗೆ ಪರಿಹಾರ ಸಿಕ್ಕಿರಬಹುದು, ಉಳಿದ ತುಂಡಿನಲ್ಲಿ ಬಾಡಿಗೆ ಮನೆಗಳು ಎದ್ದಿರಬಹುದು. ಅದೇ ಹೊಲದಲ್ಲಿ ಕಳೆ ಕಿತ್ತವರಿಗೆ ಏನು ಸಿಕ್ಕಿತು? ಅವರ ಮಕ್ಕಳು ಮಂಡ್ಯದ ಆ ಒಣ ಊರಿನವರಂತೆ ಹೊರಗಿನ ಕೆಲಸ ಹಿಡಿದು ಹಳೆಯ ಹಂಗು ಕಳಚಿಕೊಂಡರೆ, ಅಥವಾ ಅದೇ ಮನೆಯವರ ಬಾಡಿಗೆದಾರರಾದರೆ? ಕಂದಾಯ ಕಚೇರಿಯ ಹಳೆಯ ಪಹಣಿಯಲ್ಲಿ ಹೊಲದೊಡೆಯನ ಹೆಸರು ಸಿಕ್ಕೀತು. ಕೂಲಿಯವಳ ಹೆಸರನ್ನು ಅಲ್ಲಿ ಯಾರೂ ಬರೆದಿಡಲಿಲ್ಲ. ಅದಕ್ಕೆ ಊರಿನ ಹಿರಿಯರ ಬಳಿಯೇ ಕೂರಬೇಕು: ಮೊದಲು ಕೇರಿಯಲ್ಲಿ, ಆಮೇಲೆ ಗೌಡರ ಜಗುಲಿಯಲ್ಲಿ. ಅಂದಿನ ಹೊಲಗಳನ್ನು ಕಂಡ ಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.