ಯುದ್ಧಕಾಲದ ದಾಖಲೆಗಳಲ್ಲಿ ಮನೆತನದ ಚರಿತ್ರೆ

ಒಂದು ಮನೆತನದ ಚರಿತ್ರೆಯನ್ನು ಬರೆಯ ಹೊರಟವರಿಗೆ ಸಾಮಾನ್ಯವಾಗಿ ದೊರೆಯುವ ಆಧಾರಗಳು ಕೆಲವೇ ಕೆಲವು. ಹಿರಿಯರ ಬಾಯಿಮಾತು, ಹಳೆಯ ಕ್ರಯಪತ್ರ, ಕಂದಾಯದ ರಸೀತಿ, ಜಾತಕ, ಅಂಗಡಿಯ ಕಿರ್ದಿ ಇವುಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೂರು ತಲೆಮಾರುಗಳ ಆಚೆಗೆ ಇವೂ ಮೌನವಾಗುತ್ತವೆ. ಅರಸರ ವಂಶಾವಳಿಯನ್ನು ಕವಿಗಳು ಬರೆದರು, ಶಾಸನಗಳು ಸಾರಿದವು. ಒಕ್ಕಲಿಗನ, ಕೂಲಿಯವನ, ಸಾಮಾನ್ಯ ಸಿಪಾಯಿಯ ವಂಶವನ್ನು ಯಾರು ಬರೆದರು? ವಿಚಾರ ಮಾಡಿ ನೋಡಿದರೆ, ಸಾಮಾನ್ಯ ಮನುಷ್ಯನ ಹೆಸರನ್ನೂ ಆತನ ತಂದೆಯ ಹೆಸರನ್ನೂ ಊರನ್ನೂ ರಾಜ್ಯವು ಶ್ರದ್ಧೆಯಿಂದ ಬರೆದಿಟ್ಟುಕೊಳ್ಳುವ ಸಂದರ್ಭವೊಂದು ಉಂಟು, ಅದು ಯುದ್ಧ. ಸಹಸ್ರಾರು ಮನೆಗಳ ದೀಪವನ್ನು ನಂದಿಸುವ ಯುದ್ಧವೇ ಆ ಮನೆಗಳ ಹೆಸರನ್ನು ಉಳಿಸುವುದೂ ಆಗಿರುವುದು ಚರಿತ್ರೆಯ ವೈಚಿತ್ರ್ಯವಾಗಿದೆ.

ಕಲ್ಲಿನಲ್ಲಿ ಬರೆದ ದಾಖಲೆ

ಕನ್ನಡ ನಾಡಿಗೆ ಇದು ಹೊಸ ವಿಷಯವಲ್ಲ. ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಯುದ್ಧಕಾಲದ ದಾಖಲೆಗಳೇ ಆಗಿವೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವು ತಕ್ಕೋಲದ ಯುದ್ಧವನ್ನೂ, ಗಂಗ ಬೂತುಗನ ಸೇವಕನಾದ ಮಣಲೆರನನ್ನೂ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನೂ ಒಟ್ಟಿಗೆ ಸ್ಮರಿಸುತ್ತದೆ. ಶ್ರವಣಬೆಳಗೊಳದ ವೀರಗಲ್ಲೊಂದು ಗಂಗರ ಕಾಲದ ಸಾವಿಯಬ್ಬೆ ಎಂಬ ಶ್ರಾವಕಿಯದು. ಗಂಡನಾದ ಲೋಕವಿದ್ಯಾಧರನೊಡನೆ ರಣರಂಗಕ್ಕೆ ಹೋಗಿ ಬಗೆಯೂರಿನಲ್ಲಿ ಮಡಿದ ಆಕೆಯನ್ನು ಶಿಲ್ಪಿಯು ಕುದುರೆಯ ಮೇಲೆ ಖಡ್ಗವೆತ್ತಿ, ಆನೆಯ ಮೇಲಿನ ಶತ್ರುವನ್ನು ಎದುರಿಸುವಂತೆ ಕೆತ್ತಿದ್ದಾನೆ. ಆ ಶಾಸನವು ಆಕೆಯ ತಂದೆತಾಯಿಗಳ ಹೆಸರನ್ನೂ ಹೇಳುತ್ತದೆ. ಆ ಕಲ್ಲು ಇಲ್ಲದಿದ್ದರೆ ಸಾವಿರ ವರ್ಷಗಳ ಹಿಂದಿನ ಆ ಕುಟುಂಬವು ಇದ್ದಿತೆಂಬುದೇ ಇಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಕಾಗದದ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿನ ಸ್ಥಾನವನ್ನು ಕಾಗದವು ಪಡೆಯಿತು. 1914ರಿಂದ 1918ರವರೆಗೆ ನಡೆದ ಪ್ರಥಮ ಮಹಾಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರು ಸಮುದ್ರವನ್ನು ದಾಟಿ ಫ್ರಾನ್ಸ್, ಮೆಸೊಪೊಟೇಮಿಯ, ಈಜಿಪ್ಟ್, ಪೂರ್ವ ಆಫ್ರಿಕಗಳಿಗೆ ಹೋದರು. ಹಿಂದಿರುಗದವರ ಸಂಖ್ಯೆ ಸುಮಾರು 74 ಸಾವಿರ. ಇವರಲ್ಲಿ ಕನ್ನಡ ನಾಡಿನವರೂ ಇದ್ದರು.

ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿಗಳನ್ನು ನೀಡಿದುದಲ್ಲದೆ ತಮ್ಮ ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಪಡೆಯನ್ನೂ ಕಳುಹಿಸಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದಾಗ, ಮೈಸೂರಿನ ಸವಾರರ ಒಂದು ತಂಡವು ಕಡಿದಾದ ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿದ್ದ ತುರ್ಕರ ಫಿರಂಗಿಗಳನ್ನು ವಶಪಡಿಸಿಕೊಂಡಿತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಸಂಸ್ಥಾನಗಳ ಅಶ್ವದಳಗಳ ಸ್ಮಾರಕಗಳಾಗಿವೆ. ಈ ಪಡೆಯು ಸಂಸ್ಥಾನಕ್ಕೆ ಸೇರಿದ್ದಾದ್ದರಿಂದ, ಇದರಲ್ಲಿ ಸೇವೆ ಸಲ್ಲಿಸಿದ ಹಿರಿಯರ ವಿಷಯವನ್ನು ಅರಸುವವರು ಮೊದಲು ನೋಡಬೇಕಾದುದು ಲಂಡನ್ನಿನ ಕಾಗದಗಳನ್ನಲ್ಲ. ಮೈಸೂರು ಸರ್ಕಾರದ ಕಡತಗಳನ್ನು ಮತ್ತು ವಾರ್ಷಿಕ ಆಡಳಿತ ವರದಿಗಳನ್ನು.

ಬೆಳಗಾವಿಯ ಕಡೆಯವರ ಕಥೆ ಬೇರೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಭಾಗದಿಂದ ಅನೇಕರು ಮರಾಠಾ ಪಲ್ಟಣಗಳಿಗೆ ಸೇರಿದ್ದರು. 103, 110 ಮತ್ತು 117ನೆಯ ಮರಾಠಾ ಪಲ್ಟಣಗಳು ಟೈಗ್ರಿಸ್ ನದಿಯ ದಂಡೆಯ ಕುತ್ ಎಂಬ ಊರಿನಲ್ಲಿ 1915ರ ಡಿಸೆಂಬರ್ 7ರಿಂದ ಮುತ್ತಿಗೆಗೆ ಸಿಕ್ಕಿದವು. ಧಾನ್ಯ ತೀರುತ್ತ ಬಂದಾಗ ಕುದುರೆಗಳನ್ನು ಕೊಂದು ಮಾಂಸವನ್ನು ಹಂಚಲಾಯಿತು. ಹಸಿವಿನಿಂದ ಕೃಶರಾದರೂ ಧರ್ಮಕ್ಕೆ ಅಂಜಿ ಅದನ್ನು ಮುಟ್ಟದೆ ಬಹುಕಾಲ ಕಳೆದ ಭಾರತೀಯ ಸಿಪಾಯಿಗಳು ಅನೇಕರು. 1916ರ ಏಪ್ರಿಲ್ 29ರಂದು ಕೋಟೆಯು ಶರಣಾಯಿತು; ಸುಮಾರು 13 ಸಾವಿರ ಜನರು ಸೆರೆಯಾದರು. ಮರುಭೂಮಿಯ ದಾರಿಯಲ್ಲಿಯೂ ಸೆರೆಯಲ್ಲಿಯೂ ಸಾವಿರಾರು ಮಂದಿ ಅಸುನೀಗಿದರು. ಮನೆಯವರಿಗೆ ದೇಹವೂ ದೊರೆಯಲಿಲ್ಲ, ತಿಥಿಯೂ ತಿಳಿಯಲಿಲ್ಲ.

ಹೆಸರಿಲ್ಲದವರು

ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ಕಾಪಾಡಿ ಅವರ ಹೆಸರನ್ನು ಉಳಿಸುವುದಕ್ಕಾಗಿ 1917ರಲ್ಲಿ ಲಂಡನ್ನಿನಲ್ಲಿ ಯುದ್ಧಸಮಾಧಿಗಳ ಆಯೋಗವೊಂದು ಸ್ಥಾಪಿತವಾಯಿತು. ಶ್ರೀಮಂತ ಬಡವನೆಂಬ, ಅಧಿಕಾರಿ ಸಿಪಾಯಿಯೆಂಬ ಭೇದವಿಲ್ಲದೆ ಪ್ರತಿಯೊಬ್ಬನನ್ನೂ ಹೆಸರಿನಿಂದಲೇ ಸ್ಮರಿಸಬೇಕೆಂಬುದು ಅದರ ನಿಯಮವಾಗಿತ್ತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ದೆಹಲಿಯಲ್ಲಿ 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟ್ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಆದರೆ ನಿಯಮವು ಎಲ್ಲೆಡೆಯೂ ನಡೆಯಲಿಲ್ಲ. ಮೆಸೊಪೊಟೇಮಿಯದಲ್ಲಿ ಮಡಿದು ಸಮಾಧಿ ತಿಳಿಯದ 40 ಸಾವಿರಕ್ಕೂ ಹೆಚ್ಚು ಜನರ ಸ್ಮಾರಕವು ಬಸ್ರಾದಲ್ಲಿ 1929ರಲ್ಲಿ ಅನಾವರಣಗೊಂಡಿತು. ಅವರಲ್ಲಿ ಬಹುಪಾಲು ಭಾರತೀಯರು. ಬ್ರಿಟಿಷ್ ಸಿಪಾಯಿಯ ಹೆಸರನ್ನು ಗೋಡೆಯ ಮೇಲೆ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನು ಮಾತ್ರ ಕೆತ್ತಿ, ಉಳಿದವರನ್ನು ಇಂಥ ಪಲ್ಟಣದ ಇಷ್ಟು ಜನರೆಂದು ಬರಿಯ ಸಂಖ್ಯೆಯಿಂದ ಸೂಚಿಸಿದರು. ಅವರ ಹೆಸರುಗಳು ಪುಸ್ತಕದಲ್ಲಿ ಮಾತ್ರ ಉಳಿದವು. 2021ರಲ್ಲಿ ಆಯೋಗವೇ ಪ್ರಕಟಿಸಿದ ವರದಿಯು, ಭಾರತ, ಈಜಿಪ್ಟ್, ಆಫ್ರಿಕಗಳ 45 ಸಾವಿರದಿಂದ 54 ಸಾವಿರ ಜನರನ್ನು ಸಮಾನವಾಗಿ ಸ್ಮರಿಸಲಿಲ್ಲವೆಂದೂ, ಕನಿಷ್ಠ 1 ಲಕ್ಷ 16 ಸಾವಿರ ಮಂದಿಗೆ ಹೆಸರಿನ ಸ್ಮರಣೆಯೇ ದೊರೆತಿಲ್ಲವೆಂದೂ ಒಪ್ಪಿಕೊಂಡಿತು. ಬ್ರಿಟನ್ನಿನ ರಕ್ಷಣಾ ಮಂತ್ರಿಗಳು ಅದೇ ವರ್ಷದ ಏಪ್ರಿಲ್ 22ರಂದು ಪಾರ್ಲಿಮೆಂಟಿನಲ್ಲಿ ಕ್ಷಮೆ ಯಾಚಿಸಿದರು. ನೂರು ವರ್ಷಗಳ ತರುವಾಯ ಬಂದ ಈ ಕ್ಷಮೆಯನ್ನು ಕೇಳಲು ಆ ವಿಧವೆಯರಲ್ಲಿ ಯಾರೂ ಬದುಕಿರಲಿಲ್ಲ.

ನಾಶವಾದುದು, ಉಳಿದುದು

ಬರೆದಿಟ್ಟುದೆಲ್ಲವೂ ಉಳಿಯುವುದಿಲ್ಲ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬುಗಳಿಂದ ಬ್ರಿಟಿಷ್ ಯುದ್ಧ ಇಲಾಖೆಯ ಉಗ್ರಾಣವು ಹೊತ್ತಿಕೊಂಡು, ಪ್ರಥಮ ಯುದ್ಧದ ಬ್ರಿಟಿಷ್ ಸಿಪಾಯಿಗಳ ಸೇವಾಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಸ್ಮವಾದವು. ಒಂದು ಯುದ್ಧದ ದಾಖಲೆಯನ್ನು ಇನ್ನೊಂದು ಯುದ್ಧವು ನುಂಗಿತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1973ರ ಜುಲೈ 12ರಂದು ಎದ್ದ ಬೆಂಕಿಯು 160 ಲಕ್ಷಕ್ಕೂ ಹೆಚ್ಚು ಸೈನಿಕರ ಕಡತಗಳನ್ನು ಸುಟ್ಟಿತು.

ಇದಕ್ಕೆ ಪ್ರತಿಯಾಗಿ ಲಾಹೋರಿನ ವಸ್ತುಸಂಗ್ರಹಾಲಯದ ಸಂಗತಿಯು ಸಂತೋಷವನ್ನುಂಟುಮಾಡುವಂಥದು. 1919ರಲ್ಲಿ ಪಂಜಾಬ್ ಸರ್ಕಾರವು ಯುದ್ಧಕ್ಕೆ ಹೋದವರ ಹೆಸರು, ತಂದೆಯ ಹೆಸರು, ಹುದ್ದೆ, ಪಲ್ಟಣ ಇವುಗಳನ್ನು ಹಳ್ಳಿಹಳ್ಳಿಯಾಗಿ ಬರೆಸಿತ್ತು. ಸುಮಾರು 26 ಸಾವಿರ ಪುಟಗಳಲ್ಲಿ 3 ಲಕ್ಷ 20 ಸಾವಿರ ಜನರ ವಿವರವಿರುವ ಈ ಪುಸ್ತಕಗಳು ಶತಮಾನದಷ್ಟು ಕಾಲ ಕಪಾಟಿನಲ್ಲಿಯೇ ಇದ್ದವು. ಬ್ರಿಟನ್ನಿನ ಪಂಜಾಬಿ ಪರಂಪರೆಯ ಸಂಘವೂ ಗ್ರೀನಿಚ್ ವಿಶ್ವವಿದ್ಯಾನಿಲಯವೂ ಕೂಡಿ ಇವನ್ನು ಗಣಕಕ್ಕೆ ಏರಿಸಿ, 2021ರ ನವೆಂಬರಿನಲ್ಲಿ ಜಲಂಧರ, ಲೂಧಿಯಾನ, ಸಿಯಾಲಕೋಟೆ ಜಿಲ್ಲೆಗಳ ಭಾಗವನ್ನು ಮೊದಲಾಗಿ ಪ್ರಕಟಿಸಿದವು. ದೇಶವಿಭಜನೆಯಲ್ಲಿ ಊರನ್ನೇ ಕಳೆದುಕೊಂಡ ಕುಟುಂಬಗಳಿಗೆ, ಅಜ್ಜನ ಹೆಸರು ತನ್ನ ಹಳ್ಳಿಯ ಹೆಸರಿನ ಕೆಳಗೆ ಕಾಣಿಸುವುದು ಸಾಮಾನ್ಯ ವಿಷಯವಲ್ಲ.

ಹುಡುಕುವ ಕ್ರಮ

ಇಂತಹ ಅನ್ವೇಷಣೆಯು ಮನೆಯಿಂದಲೇ ಆರಂಭವಾಗಬೇಕು. ಪೆಟ್ಟಿಗೆಯ ತಳದಲ್ಲಿರುವ ಪದಕವೇ ಮೊದಲ ಸಾಕ್ಷಿ. ಪ್ರಥಮ ಯುದ್ಧದ ಬೆಳ್ಳಿಯ ಪದಕದ ಅಂಚಿನ ಮೇಲೆ ಸಿಪಾಯಿಯ ಸಂಖ್ಯೆ, ಹುದ್ದೆ, ಹೆಸರು, ಪಲ್ಟಣಗಳನ್ನು ಒತ್ತಿರುತ್ತಾರೆ. ಕೂಲಿದಳದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. ಇದನ್ನರಿಯದೆ ಬೆಳ್ಳಿಯ ತೂಕಕ್ಕೆ ಪದಕವನ್ನು ಮಾರಿದವರು ಕೆಲವು ತೊಲೆ ಬೆಳ್ಳಿಗೆ ಮನೆತನದ ಒಂದು ಅಧ್ಯಾಯವನ್ನೇ ಕೊಟ್ಟಂತಾಯಿತು.

ಎರಡನೆಯದು ಪಲ್ಟಣದ ಗುರುತು. ಹೆಸರೊಂದನ್ನೇ ನಂಬಿ ಹೊರಟರೆ ಮೋಸಹೋಗುವುದು ಖಂಡಿತ. ಒಂದೇ ಹೆಸರಿನವರು ನೂರಾರು ಮಂದಿ ಇರುತ್ತಾರೆ ಮತ್ತು ಗುಮಾಸ್ತರು ಇಂಗ್ಲಿಷಿನಲ್ಲಿ ಹೆಸರನ್ನು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಸಂಖ್ಯೆಯೂ ಪಲ್ಟಣವೂ ತಂದೆಯ ಹೆಸರೂ ಊರೂ ಹೊಂದಿದರೆ ಮಾತ್ರ ನಿಶ್ಚಯಿಸಬೇಕು. 1922ರಲ್ಲಿ ಪಲ್ಟಣಗಳನ್ನು ಪುನರ್ವ್ಯವಸ್ಥೆಗೊಳಿಸಿದುದನ್ನೂ ಗಮನಿಸಬೇಕು. 110ನೆಯ ಮರಾಠಾ ಪಲ್ಟಣವು ಆಗ 5ನೆಯ ಮರಾಠಾ ರೆಜಿಮೆಂಟಿನ 3ನೆಯ ಬೆಟಾಲಿಯನ್ ಆಯಿತು. ಆ ರೆಜಿಮೆಂಟಿನ ಕೇಂದ್ರವು ಬೆಳಗಾವಿಯಲ್ಲಿದೆ.

ಮೂರನೆಯದು ಯುದ್ಧದ ದಿನಚರಿ. ಪ್ರತಿಯೊಂದು ಪಡೆಯೂ ದಿನದಿನದ ಸಂಗತಿಯನ್ನು ಬರೆದಿಡಬೇಕೆಂಬ ನಿಯಮವಿತ್ತು. ವ್ಯಾಪಾರಸ್ಥನ ಭಾಷೆಯಲ್ಲಿ ಹೇಳುವುದಾದರೆ ದಿನಚರಿಯು ಕಿರ್ದಿ, ಸಮಾಧಿ ಆಯೋಗದ ಪುಸ್ತಕವು ಖಾತೆ. ಖಾತೆಯಲ್ಲಿ ಮರಣದ ತಾರೀಖು ದೊರೆತರೆ, ಆ ದಿನದ ಕಿರ್ದಿಯನ್ನು ತೆರೆದು ನೋಡಿ, ಅಂದು ಪಡೆಯು ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ತಿಳಿಯಬಹುದು. ಈ ದಿನಚರಿಗಳು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆಯೋಗದ ಪಟ್ಟಿಯನ್ನು ಇಂದು ಮನೆಯಲ್ಲಿ ಕುಳಿತೇ ನೋಡಬಹುದು.

ದಾಖಲೆಯು ಎಲ್ಲವನ್ನೂ ಹೇಳಲಾರದು. ಹೋದವನು ಏಕೆ ಹೋದನು, ಸಾಲಕ್ಕೋ ಹೊಟ್ಟೆಪಾಡಿಗೋ ಪೌರುಷಕ್ಕೋ ಎಂಬುದನ್ನು ಯಾವ ಗುಮಾಸ್ತನೂ ಬರೆಯಲಿಲ್ಲ. ಕಾಯುತ್ತ ಕುಳಿತ ತಾಯಿಯ ಹೆಸರು ಯಾವ ಪುಸ್ತಕದಲ್ಲಿಯೂ ಸಿಗುವುದು ಅಪರೂಪ. ಅದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಪ್ರತಿಯೊಂದು ಮನೆಯ ಕರ್ತವ್ಯವಾಗಿದೆ. ಸಾವಿಯಬ್ಬೆಯ ಕಲ್ಲನ್ನು ನಿಲ್ಲಿಸಿದವರು ತಮ್ಮ ಪಾಲಿನ ಋಣವನ್ನು ಸಲ್ಲಿಸಿ ಹೋದರು. ಮುಂದಿನವರು ಸಲ್ಲಿಸಬೇಕಾದ ಋಣವು ಹಾಗೆಯೇ ಉಳಿದಿದೆ.