ಮೋಟರ್ ತಿರುಗ್ತದ, ನೀರು ಬರವಲ್ದು: ಬಿಚ್ಚಿಸೋ ಮುಂಚೆ ಇಷ್ಟು ನೋಡ್ರಿ

ಕಲಬುರಗಿ/ಕಮಲಾಪುರ: ನಳದ ನೀರು ದಿನಾ ಬರದ ಓಣಿಗಳಲ್ಲಿ ಸಂಪ್ ಮತ್ತು ಮೋಟರೇ ಗತಿ. ಬೇಸಿಗೆಯಲ್ಲಿ ಒಂದಿನ ಸ್ವಿಚ್ ಹಾಕಿದ್ರೆ ಮೋಟರ್ ಜೋರಾಗಿ ತಿರುಗ್ತದ, ಮೇಲಿನ ಟ್ಯಾಂಕಿಗೆ ಮಾತ್ರ ಹನಿ ನೀರು ಏರಲ್ಲ. ವೈಂಡಿಂಗ್ ಹೋಯ್ತು ಅಂತ ಎಷ್ಟೋ ಜನ ಮೋಟರ್ ಬಿಚ್ಚಿ ಅಂಗಡಿಗೆ ಹೊತ್ತುಕೊಂಡು ಹೋಗ್ತಾರೆ. ಆದರೆ ವೈಂಡಿಂಗ್ ಸುಟ್ಟ ಮೋಟರ್ ಹಾಗೆ ಸರಾಗವಾಗಿ ತಿರುಗೋದಿಲ್ಲ. ಇಂಥ ಕಡೆ ದೋಷ ಹೆಚ್ಚಾಗಿ ಇರೋದು ಕೆಳಗಿನಿಂದ ನೀರು ಎಳೆಯುವ ಪೈಪಿನಲ್ಲಿ.

ಮೊದಲು ಸ್ವಿಚ್ ಆಫ್ ಮಾಡಿ. 'ಇನ್ನೊಂದು ಸ್ವಲ್ಪ ಹೊತ್ತು ನೋಡೋಣ' ಅಂತ ಓಡಿಸೋದೇ ದೊಡ್ಡ ತಪ್ಪು. ಪಂಪಿನೊಳಗಿನ ಸೀಲ್ ತಣ್ಣಗಿರೋದು ನೀರಿನಿಂದಲೇ. ಖಾಲಿ ಓಡಿದರೆ ಅದು ಸುಡುತ್ತದೆ, ಆಮೇಲೆ ಆ ಸಂದಿಯಿಂದ ನೀರು ಸೋರಿ ಬೇರಿಂಗ್‌ಗೂ ತುಕ್ಕು ಹಿಡಿಯುತ್ತದೆ. ಸಣ್ಣ ಕೆಲಸ ದೊಡ್ಡ ಬಿಲ್ ಆಗೋದು ಹೀಗೆ.

ಒಂದು ಚರಗಿ ನೀರಿನ ಪರೀಕ್ಷೆ

ಪ್ಲಗ್ ಕಿತ್ತು, ಪಂಪಿನ ಮೇಲಿರುವ ನೀರು ತುಂಬುವ ಬಿರಡೆ ಬಿಚ್ಚಿ. ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ನೀರು ಹಾಕಿ, ಹತ್ತು ನಿಮಿಷ ಬಿಡಿ. ನೀರಿನ ಮಟ್ಟ ಹಾಗೇ ನಿಂತರೆ ಒಳಗೆ ಗಾಳಿ ಕೂತಿತ್ತು ಅಷ್ಟೇ. ಬಿರಡೆ ಬಿಗಿ ಮಾಡಿ ಓಡಿಸಿದರೆ ನೀರು ಬರಬೇಕು. ಎಷ್ಟು ಹಾಕಿದರೂ ಇಳಿಯುತ್ತಲೇ ಇದ್ದರೆ ಸಂಪಿನ ತಳದಲ್ಲಿರುವ ಫುಟ್‌ವಾಲ್ ನೀರು ಹಿಡಿಯುತ್ತಿಲ್ಲ. ಮರಳು, ಪಾಚಿ, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡರೂ ಸಾಕು, ಅದು ಪೂರ್ತಿ ಮುಚ್ಚಲ್ಲ. ತೆಗೆದು ತೊಳೆದು ನೋಡಿ, ರಬ್ಬರ್ ಹರಿದಿದ್ದರೆ ಬದಲಿಸಿ.

ಫುಟ್‌ವಾಲ್ ಸರಿಯಿದ್ದರೂ ನೀರು ಇಳಿದರೆ ಜಾಯಿಂಟ್ ನೋಡಿ. ನಮ್ಮ ಬಿಸಿಲಿಗೆ ಹೊರಗಿರುವ ಪಿವಿಸಿ ಪೈಪ್ ಬಿರುಸಾಗಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಮೋಟರ್ ಓಡುವಾಗ ಅಲ್ಲಿಂದ ನೀರು ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಸೋರಿಕೆ ಕಣ್ಣಿಗೆ ಬೀಳಲ್ಲ. ಓಡುವಾಗ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ತೂತಿದ್ದ ಕಡೆ ನೊರೆ ಒಳಗೆ ಎಳೆದುಕೊಳ್ಳುತ್ತದೆ.

ಕಮಲಾಪುರದ ಬಾವಿಗಳ ಲೆಕ್ಕ ಬೇರೆ

ಜಿಐ ಟ್ಯಾಗ್ ಪಡೆದ ಕೆಂಪು ಬಾಳೆಯ ಊರಲ್ಲಿ ಬೇಸಿಗೆಯ ನೀರು ತಪ್ಪಿದರೆ ಗೊನೆಗೇ ಪೆಟ್ಟು. ಮಳೆಗಾಲದಲ್ಲಿ ಚೆನ್ನಾಗಿ ಎತ್ತುತ್ತಿದ್ದ ಮೋಟರ್ ಏಪ್ರಿಲ್‌ನಲ್ಲಿ ನಿಂತರೆ ಅದು ಮೋಟರಿನ ದೋಷ ಅಲ್ಲದಿರಬಹುದು. ದಡದ ಮೇಲಿನ ಪಂಪ್ ನೀರನ್ನು ತಾನೇ ಎಳೆಯೋದಿಲ್ಲ, ವಾತಾವರಣದ ಒತ್ತಡ ಕೆಳಗಿನಿಂದ ತಳ್ಳುತ್ತದೆ. ಆ ಒತ್ತಡ ಸಮುದ್ರಮಟ್ಟದಲ್ಲಿ ಹೆಚ್ಚೆಂದರೆ 34 ಅಡಿ ನೀರು ಎತ್ತಬಲ್ಲದು. ನಮ್ಮ ಎತ್ತರದಲ್ಲಿ ಅದು ಇನ್ನೂ ಸ್ವಲ್ಪ ಕಡಿಮೆ. ಪೈಪಿನ ತಿಕ್ಕಾಟ, ಬೆಂಡುಗಳನ್ನೆಲ್ಲ ಕಳೆದರೆ ಕೈಗೆ ಸಿಗೋದು ಸುಮಾರು 20 ಅಡಿ. ನೀರು ಅದಕ್ಕಿಂತ ಕೆಳಗಿಳಿದರೆ ಹೆಚ್ಚು ಎಚ್‌ಪಿ ಮೋಟರ್ ತಂದರೂ ರೊಕ್ಕ ಹಾಳು. ಮೋಟರನ್ನೇ ಬಾವಿಯೊಳಗೆ ಕಟ್ಟೆ ಮಾಡಿ ಕೆಳಗಿಳಿಸಬೇಕು, ಇಲ್ಲವೇ ನೀರಲ್ಲಿ ಮುಳುಗುವ ಮೋಟರ್ ಹಾಕಬೇಕು.

ಬೋರಿನ ಮೋಟರಿಗೆ ನೀರು ತುಂಬುವ ಕೆಲಸ ಇಲ್ಲ. ಅಲ್ಲಿ ಪ್ಯಾನೆಲ್‌ನ ಆಂಪ್ಸ್ ಮೀಟರ್ ನೋಡಿ. ಮುಳ್ಳು ದಿನಕ್ಕಿಂತ ಕೆಳಗಿದ್ದರೆ ಪಂಪ್ ಖಾಲಿ ತಿರುಗುತ್ತಿರಬಹುದು, ಬೋರಲ್ಲಿ ನೀರು ಇಳಿದಿರಬಹುದು. ಮೇಲಿದ್ದರೆ ಮಣ್ಣು, ಮರಳು ಸಿಕ್ಕು ಬಿಗಿಯಾಗಿರಬಹುದು. ಜೆಸ್ಕಾಂ ಲೈನ್ ಅಥವಾ ಟಿಸಿ ರಿಪೇರಿ ಆದ ಮರುದಿನವೇ ನೀರು ಕಡಿಮೆಯಾದರೆ ಮೊದಲು ಫೇಜ್ ಮೇಲೆ ಅನುಮಾನ ಪಡಿ. ಥ್ರೀ ಫೇಜ್‌ನಲ್ಲಿ ಎರಡು ವೈರ್ ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ, ನೀರು ಸಣ್ಣಗೆ ಬರುತ್ತದೆ ಅಥವಾ ಬರೋದೇ ಇಲ್ಲ. ಯಾವುದಾದರೂ ಎರಡು ವೈರ್ ಅದಲಿಸಿದರೆ ಸರಿ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮೋಟರ್ ತಿರುಗದೆ ಬರೀ 'ಗುಂಯ್' ಅಂತಿದ್ದರೆ ಮಾತ್ರ ಮಾತು ಬೇರೆ. ಸಿಂಗಲ್ ಫೇಜ್‌ನಲ್ಲಿ ಕಂಡೆನ್ಸರ್ ಹೋಗಿರಬಹುದು, ಇಲ್ಲವೇ ಬಹಳ ದಿನ ನಿಂತು ಒಳಗೆ ತುಕ್ಕು ಹಿಡಿದಿರಬಹುದು. ಸ್ವಿಚ್ ಆಫ್ ಮಾಡಿದ ಮೇಲೂ ಕಂಡೆನ್ಸರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಬರಿಗೈ ಹಚ್ಚಬೇಡಿ.

ಅಂಗಡಿಗೆ ಹೋಗುವಾಗ ಮೋಟರ್ ಮೇಲಿನ ಪಟ್ಟಿಯ ಫೋಟೊ ತೆಗೆದುಕೊಳ್ಳಿ. ನೀರು ಎಷ್ಟು ಅಡಿ ಕೆಳಗಿದೆ, ಪೈಪ್ ಎಷ್ಟು ಇಂಚು, ಚರಗಿ ಪರೀಕ್ಷೆಯಲ್ಲಿ ನೀರು ನಿಂತಿತೋ ಇಳಿಯಿತೋ ಹೇಳಿ. ಮೋಟರ್ ಹೊತ್ತುಕೊಂಡು ಹೋಗಬೇಕೋ ಬೇಡವೋ ಅಲ್ಲೇ ಗೊತ್ತಾಗ್ತದ.